ಕಾರಿನಿಂದ ಇಳಿಯಬೇಡಿ

ನನ್ನ ಅಕ್ಕ ಗುನ್‌ವೋರ್, ನಾರ್ವೆಗೆ ಬರುವ ಅತಿಥಿಗಳಿಗೆ ಬುದ್ಧಿ ಹೇಳುವುದಕ್ಕೆ ಸಂಬಳ ಪಡೆಯುತ್ತಿದ್ದ ಹೆಂಗಸು. ಉಳಿದವರಿಗೆ ಆ ಕೆಲಸವನ್ನು ಪುಕ್ಕಟೆ ಮಾಡುತ್ತಿದ್ದಳು. ನಮ್ಮ ಕಣಿವೆಯ ಪಂಚಾಯಿತಿ ಕಚೇರಿಯಲ್ಲಿ ಪ್ರವಾಸಿಗರ ಮೇಜು ಅವಳದು. ಚಳಿಗಾಲದಲ್ಲಿ ಸ್ಟೂರ್‌ಸ್ಕಾರ್ ಘಟ್ಟ ದಾಟುವವರಿಗೆಂದು ಅವಳು ಬರೆದ ಸಲಹೆಯ ಕಾಗದ ಕಿರಾಣಿ ಅಂಗಡಿಯಲ್ಲಿ, ಚರ್ಚಿನ ಬಾಗಿಲಲ್ಲಿ, ಹಲ್ಲಿನ ಡಾಕ್ಟರ ಹಜಾರದಲ್ಲಿ, ಎಲ್ಲೆಂದರಲ್ಲಿ ಸಿಗುತ್ತಿತ್ತು. ಮೈಗೆ ಹತ್ತಿ ತಾಗಿಸಬೇಡಿ, ಉಣ್ಣೆ ತಾಗಿಸಿ. ಸಲಿಕೆಯನ್ನು ಡಿಕ್ಕಿಯಲ್ಲಿಡಬೇಡಿ, ಕೈಗೆಟುಕುವಲ್ಲಿಡಿ. ಗಾಳಿಯಲ್ಲಿ ಬಾಗಿಲು ತೆಗೆಯುವಾಗ ಎರಡೂ ಕೈಯಲ್ಲಿ ಹಿಡಿಯಿರಿ. ಹಾರಿಹೋದ ಬಾಗಿಲಿಗೆ ವಿಮೆ ಸಿಗುವುದಿಲ್ಲ. ಮುಂದಿನ ಕಾರಿನ ಕೆಂಪು ದೀಪ ಕಣ್ತಪ್ಪದಿರಲಿ. ಎಲ್ಲಕ್ಕಿಂತ ಕೆಳಗೆ, ಹೆಬ್ಬೆರಳು ದಪ್ಪದ ಕೆಂಪು ಅಕ್ಷರಗಳಲ್ಲಿ: ಏನೇ ಆದರೂ ಕಾರಿನಿಂದ ಇಳಿಯಬೇಡಿ.

ಆ ಕೊನೆಯ ಸಾಲಿಗೆ ಕಾರಣವಿತ್ತು. ನಾವು ಚಿಕ್ಕವರಿದ್ದಾಗ ಮರದ ವ್ಯಾಪಾರಿಯೊಬ್ಬ ಘಟ್ಟದ ಮೇಲೆ ಗಾಜು ಒರೆಸಲೆಂದು ಇಳಿದಿದ್ದ. ಕಾರು ಅಂದೇ ಸಿಕ್ಕಿತು. ಅವನು ಹಿಮ ಕರಗಿದ ಮೇಲೆ ಸಿಕ್ಕ, ಕಾರಿನಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ. ಒರೆಸುವ ಬಟ್ಟೆ ಕೈಯಲ್ಲಿ ಹಾಗೇ ಇತ್ತಂತೆ.

ಹಳೆಯ ಕಾಗದದಲ್ಲಿ ಇನ್ನೂ ಒಂದು ಸಾಲಿತ್ತು. ಕಾರು ನಿಂತಿರುವಾಗ ಹೊಗೆಕೊಳವೆಯ ಬಾಯಿಗೆ ಹಿಮ ತುಂಬದಂತೆ ನೋಡಿಕೊಳ್ಳಿ, ಇಲ್ಲವೇ ಎಂಜಿನ್ ಆರಿಸಿ, ಎಂದು. ಕಳೆದ ಸಲ ಎಲೆ ಉದುರುವ ಹೊತ್ತಿಗೆ ಕಾಗದವನ್ನು ಹೊಸದಾಗಿ ಅಚ್ಚು ಹಾಕಿಸಿದಾಗ, ಚಾರ್ಜಿನ ಕಂಬಗಳು ಎಲ್ಲೆಲ್ಲಿವೆ ಎಂದು ಹೇಳಲು ಜಾಗ ಸಾಲದೆ ಗುನ್‌ವೋರ್ ಅದನ್ನು ಹೊಡೆದುಹಾಕಿದಳು. "ಈಗ ಯಾರ ಕಾರಿಗಿದೆ ಬಾಲ?" ಅಂದಳಂತೆ. ಕಚೇರಿಯವರೆಲ್ಲ ಕಿಟಕಿಯಿಂದ ನೋಡಿದರು. ಅಂಗಳದಲ್ಲಿ ಕರೆಂಟಿನ ಕಾರುಗಳು ಗೂಟಕ್ಕೆ ಕಟ್ಟಿದ ಹಸುಗಳಂತೆ ಚಾರ್ಜಿನ ಕಂಬಕ್ಕೆ ಕಟ್ಟಿಸಿಕೊಂಡು ಸದ್ದಿಲ್ಲದೆ ನಿಂತಿದ್ದವು. ಇಡೀ ಕಣಿವೆಯಲ್ಲಿ ಹೊಗೆ ಬಿಡುವುದೆಂದರೆ ಸ್ಟೈನಾರನ ಹಿಮ ಗುಡಿಸುವ ಲಾರಿ, ಪಾದ್ರಿಗಳ ಹಳೇ ಕಾರು, ಮತ್ತೆ ಪಾದ್ರಿಗಳು. ಎಲ್ಲರೂ ಒಪ್ಪಿದರು.

ಈಸ್ಟರಿನ ಹಿಂದಿನ ಶನಿವಾರ ಘಟ್ಟದಾಚೆಯ ಪೇತ್ರಾ ಅತ್ತೆಗೆ ತೊಂಬತ್ತು ತುಂಬುವುದಿತ್ತು. ಮಧ್ಯಾಹ್ನದ ಊಟವಾದ ಮೇಲೆ ನಾವಿಬ್ಬರೂ ಹೊರಟೆವು. ಗುನ್‌ವೋರ್ ಓಡಿಸುತ್ತಿದ್ದಳು, ಅವಳಿರುವಾಗ ಬೇರೆಯವರು ಓಡಿಸುವುದಿಲ್ಲ. ನನ್ನ ತೊಡೆಯ ಮೇಲೆ ಕೇಕು. ಬಾದಾಮಿ ಹಿಟ್ಟಿನ ಬಳೆಗಳನ್ನು ದೊಡ್ಡದರ ಮೇಲೆ ಚಿಕ್ಕದಾಗಿ ಪೇರಿಸಿ, ಸಕ್ಕರೆಯ ಗೆರೆ ಎಳೆದು, ಸುತ್ತ ಸಣ್ಣ ಸಣ್ಣ ಬಾವುಟ ಚುಚ್ಚಿದ ಗೋಪುರ. ತಗಡಿನ ತಟ್ಟೆಯ ಮೇಲೆ ಕೂತಿದ್ದ ಅದರ ತುದಿ ನನ್ನ ಮೂಗಿಗೆ ತಾಗುತ್ತಿತ್ತು.

ಘಟ್ಟದ ಬುಡದಲ್ಲಿ ಗೇಟು ಹಾಕಿತ್ತು. ಮೇಲೆ ಗಾಳಿ ಎದ್ದಿದೆ, ಒಬ್ಬೊಬ್ಬರೇ ಹೋಗುವ ಹಾಗಿಲ್ಲ, ಲಾರಿಯ ಹಿಂದೆ ಸಾಲಾಗಿ ಹೋಗಬೇಕು. ಲಾರಿಯ ಸ್ಟೈನಾರ್ ಒಂದೊಂದೇ ಕಿಟಕಿಗೆ ಬಗ್ಗಿ ವಿಚಾರಿಸಿಕೊಂಡು ಬರುತ್ತಿದ್ದ. ನಮ್ಮ ಕಣಿವೆಯವನೇ. ಗುನ್‌ವೋರಳನ್ನು ಕೆಣಕದೆ ಅವನಿಗೆ ಚಳಿಗಾಲ ಕಳೆಯುವುದಿಲ್ಲ.

"ಏನು ಮೇಡಂ, ಬ್ಯಾಟರಿ ಇದೆಯಾ?"

"ನಿನ್ನ ತಲೇಲಿರೋದಕ್ಕಿಂತ ಜಾಸ್ತಿ ಇದೆ."

"ಸಲಿಕೆ?"

"ಇದೆ."

"ಎಲ್ಲಿದೆ?"

"ಕಾರಲ್ಲಿದೆ."

ಸ್ಟೈನಾರ್ ನನ್ನ ಕಡೆ ನೋಡಿದ. ನಾನು ಕೇಕಿನ ಕಡೆ ನೋಡಿದೆ. ಸಲಿಕೆ ಡಿಕ್ಕಿಯಲ್ಲಿತ್ತು, ಅತ್ತೆಗೆ ಕೊಂಡ ಕುರ್ಚಿಯ ಅಡಿಯಲ್ಲಿ.

"ಇದೇನೋ ಐಲಿಫ್, ಚರ್ಚಿನ ಗೋಪುರಾನೇ ಕಿತ್ಕೊಂಡು ಬಂದಿದ್ದೀಯಾ?" ಎಂದು ನಕ್ಕು ಅವನು ಮುಂದೆ ಹೋದ.

ನಮ್ಮ ಮುಂದಿದ್ದದ್ದು ಕೆಂಪು ಬಾಡಿಗೆ ಕಾರು. ಗುನ್‌ವೋರ್ ಇಳಿದಳು, ಗೇಟಿನ ಬಳಿ ಇಳಿಯಬಹುದು. ಅವಳ ಚೀಲದಲ್ಲಿ ಸಲಹೆಯ ಕಾಗದ ಸದಾ ಇರುತ್ತದೆ, ಕೆಲವು ಅಜ್ಜಿಯರ ಚೀಲದಲ್ಲಿ ಪೆಪ್ಪರ್‌ಮಿಂಟ್ ಇರುವಂತೆ. ನಾನು ಕಿಟಕಿ ಇಳಿಸಿ ಕೇಳಿಸಿಕೊಂಡೆ. ಕೆಂಪು ಕಾರಿನಿಂದ ಬಿಸಿ ಹೊಗೆಯ ವಾಸನೆ ಬಂತು. ಡೀಸೆಲ್ಲಿನ ವಾಸನೆ ಮೂಗಿಗೆ ಬಿದ್ದು ಎಷ್ಟೋ ವರ್ಷವಾಗಿತ್ತು. ಅಪ್ಪನ ಟ್ರ್ಯಾಕ್ಟರು ನೆನಪಾಯಿತು. ಹಾಯೆನಿಸಿ ಒಂದು ಸಲ ಆಳವಾಗಿ ಎಳೆದುಕೊಂಡೆ ಎಂದು ಹೇಳಲು ಈಗ ಸಂಕೋಚವಾಗುತ್ತದೆ.

ಒಳಗೆ ಎಳೆಯ ಗಂಡಹೆಂಡತಿ, ಪೋರ್ಚುಗಲ್‌ನವರು. ಅವನು ರುಯಿ, ಅವಳು ಫಿಲಿಪಾ. ಅವನ ಕಾಲಲ್ಲಿ ನೃತ್ಯಕ್ಕೆ ಹೋಗುವಂಥ ಬೂಟು. ಅವಳು ಗಂಡನ ಟೋಪಿ ಹಾಕಿಕೊಂಡಿದ್ದಳು, ಅವನಿಗೆ ಟೋಪಿಯಿರಲಿಲ್ಲ. ಗುನ್‌ವೋರ್ ಅವನಿಂದ ಕಾಗದವನ್ನು ಜೋರಾಗಿ ಓದಿಸಿದಳು. ಓದಿಸಿ ಪರೀಕ್ಷೆಯನ್ನೂ ಮಾಡಿದಳು.

"ಕೊನೆ ಸಾಲು ಏನು?"

"ಕಾರಿನಿಂದ ಇಳಿಯಬಾರದು," ಅಂದ ರುಯಿ, ಇಂಗ್ಲಿಷಿನಲ್ಲಿ.

"ಏನೇ ಆದ್ರೂ?"

"ಏನೇ ಆದರೂ."

"ಕಾರಿಗೆ ಬೆಂಕಿ ಬಿದ್ರೆ?"

ಅವನು ಹೆಂಡತಿಯ ಮುಖ ನೋಡಿದ. ಅವಳು ಕಾಗದ ನೋಡಿದಳು. "ಇಳಿಯುವುದಿಲ್ಲ," ಅಂದ.

"ಬೆಂಕಿ ಬಿದ್ರೆ ಇಳೀಬಹುದಪ್ಪ," ಅಂದಳು ಗುನ್‌ವೋರ್. ಮೂವರೂ ನಕ್ಕರು. ಅವಳು ವಾಪಸು ಬಂದು ಕೂತು, "ಒಳ್ಳೇ ಮಕ್ಕಳು ಕಣೋ. ಹೇಳಿದ ಮಾತು ಕೇಳೋರು ಈಗೆಲ್ಲಿದ್ದಾರೆ," ಅಂದಳು. ಅವಳ ಮುಖದಲ್ಲಿ ತೃಪ್ತಿಯಿತ್ತು.

ಗೇಟು ಎದ್ದಿತು.

ಮೊದಲ ತಿರುವುಗಳಲ್ಲಿ ಎಲ್ಲ ಸರಿಯಾಗಿತ್ತು. ಬರ್ಚ್ ಮರಗಳು ಮುಗಿದವು. ಅವುಗಳ ಜೊತೆಗೆ ಜಗತ್ತೂ ಮುಗಿಯಿತು. ಎಡದಿಂದ ಬಂದ ಗಾಳಿ ಹಿಮವನ್ನು ನೆಲದಿಂದಲೇ ಎಬ್ಬಿಸಿ ಅಡ್ಡಡ್ಡ ಓಡಿಸುತ್ತಿತ್ತು. ಮೇಲೆ ಬಿಳಿ, ಕೆಳಗೆ ಬಿಳಿ, ನಮ್ಮ ಕಾರಿನ ಮೂತಿಯೇ ಕಾಣದು. ಕತ್ತಲಲ್ಲಾದರೆ ದೀಪ ಹಚ್ಚಬಹುದು. ಈ ಬಿಳಿ ಕತ್ತಲಲ್ಲಿ ದೀಪ ಹಚ್ಚಿದರೆ ಅದು ಇನ್ನೂ ಬೆಳ್ಳಗಾಗುತ್ತದೆ. ರಸ್ತೆಯ ಅಂಚಿಗೆ ನೆಟ್ಟ ಉದ್ದನೆಯ ಕೋಲುಗಳು ಒಮ್ಮೊಮ್ಮೆ ಹೊಳೆದು ಮಾಯವಾಗುತ್ತಿದ್ದವು. ಅವುಗಳಾಚೆ ಇಳಿಜಾರು, ಎಲ್ಲೋ ಕೆಳಗೆ ಕೆರೆ. ಅದು ಎಡಕ್ಕಿದೆಯೋ ಬಲಕ್ಕಿದೆಯೋ ಎನ್ನುವುದೇ ನನಗೆ ಮರೆತುಹೋಗಿತ್ತು.

"ಕಾಣ್ತಿದೆಯಾ?" ಅಂದೆ.

"ಕಾಣದೆ ಓಡಿಸ್ತಿದ್ದೀನಾ?"

"ಏನು ಕಾಣ್ತಿದೆ?"

"ಎರಡು ಕೆಂಪು ಚುಕ್ಕಿ. ಸುಮ್ನಿರು ಐಲಿಫ್."

ಆ ಎರಡು ಚುಕ್ಕಿಗಳು ಒಮ್ಮೆಲೇ ದೊಡ್ಡದಾದವು. ಗುನ್‌ವೋರ್ ಬ್ರೇಕ್ ಒತ್ತಿದಳು. ಕೇಕು ನನ್ನ ಗದ್ದಕ್ಕೆ ಬಡಿಯಿತು. ಕೆಂಪು ಕಾರು ನಿಂತಿತ್ತು. ಅದರ ಮುಂದಿದ್ದ ಕಾರಿನ ದೀಪ ರುಯಿಯ ಕಣ್ಣಿಗೆ ತಪ್ಪಿರಬೇಕು. ದೀಪ ತಪ್ಪಿದವನು ಮುಂದೆ ಹೋಗುವುದಕ್ಕಿಂತ ನಿಲ್ಲುವುದೇ ಮೇಲು. ನಮ್ಮ ಹಿಂದೆ ಬರುತ್ತಿದ್ದ ವ್ಯಾನಿನ ಬೆಳಕು ಒಂದು ಸಲ ಮಿನುಗಿ ಆರಿದಂತಾಯಿತು. ಆಮೇಲೆ ಹಿಂದೆ ಏನೂ ಇರಲಿಲ್ಲ.

ಗುನ್‌ವೋರ್ ಫೋನ್ ಮಾಡಿದಳು.

"ಸ್ಟೈನಾರ್, ನಾವು ನಿಂತುಬಿಟ್ಟಿದ್ದೀವಿ."

"ನಾವು ಅಂದ್ರೆ ಯಾರ್ಯಾರು?"

"ಕೆಂಪು ಕಾರಿಂದ ಹಿಂದಕ್ಕೆ ಎಲ್ಲಾರೂ."

ಅವನೊಂದು ಮಾತು ಹೇಳಿದ, ಪಾದ್ರಿಗಳೆದುರು ಹೇಳುವಂಥದ್ದಲ್ಲ. "ಮುಂದಿನೋರನ್ನ ಘಟ್ಟದಾಚೆ ಗೇಟಿಗೆ ಮುಟ್ಟಿಸಿ ವಾಪಸ್ ಬರ್ತೀನಿ. ಲಾರಿ ತಿರುಗಿಸೋಕೆ ಅಲ್ಲೇ ಜಾಗ ಇರೋದು. ಹೊತ್ತಾಗುತ್ತೆ."

"ಎಷ್ಟು ಹೊತ್ತು?"

"ಹೊತ್ತಾಗುತ್ತೆ ಅಂದ್ನಲ್ಲ. ಕಾಫಿ ಇದೆಯಾ?"

"ಇದೆ. ಕೇಕೂ ಇದೆ."

"ಹಾಗಿದ್ರೆ ನನಗಿಂತ ಸುಖವಾಗಿದ್ದೀರಿ. ಯಾರೂ ಇಳೀಬೇಡಿ."

"ಅದನ್ನ ನನಗೆ ಹೇಳ್ತೀಯಾ?" ಅಂದಳು ಗುನ್‌ವೋರ್.

ಕಾಫಿ ಕುಡಿದೆವು. ಕಾರು ತೊಟ್ಟಿಲಿನಂತೆ ತೂಗುತ್ತಿತ್ತು, ಆದರೆ ಮಗುವಿನ ಮೇಲೆ ಸಿಟ್ಟು ಬಂದ ತಾಯಿ ತೂಗಿದ ಹಾಗೆ. ಗುನ್‌ವೋರ್ ಹಿಂದಿನ ಸೀಟಿನಿಂದ ಹೆಣಿಗೆ ಎಳೆದುಕೊಂಡಳು. ಅತ್ತೆಗೆಂದು ಹೆಣೆಯುತ್ತಿದ್ದ ಬೂದು ಸ್ವೆಟರು. ಒಂದು ತೋಳು ಬಾಕಿಯಿತ್ತು. ಅವಳಿಗೆ ಭಯವಾದರೆ ಕಡ್ಡಿಗಳ ವೇಗ ಹೆಚ್ಚುತ್ತದೆ. ಅವು ಟಕಟಕ ಓಡುತ್ತಿದ್ದವು.

"ಪಾಪ, ಆ ಮಕ್ಕಳು ಹೆದರಿರ್ತಾರೆ," ಎಂದು ಅವಳು ಮುಂದಿನ ದೀಪವನ್ನು ಒಮ್ಮೆ ಮಿನುಗಿಸಿದಳು. ಹಿಮದೊಳಗಿಂದ ಉತ್ತರ ಬಂತು. ರುಯಿ ಬ್ರೇಕ್ ಒತ್ತಿದ. ಎರಡು ಕೆಂಪು ಚುಕ್ಕಿಗಳು ಉಬ್ಬಿ ಮತ್ತೆ ಸಣ್ಣಗಾದವು. ಗುನ್‌ವೋರ್ ಎರಡು ಸಲ ಮಿನುಗಿಸಿದಳು. ಅವನೂ ಎರಡು ಸಲ ಒತ್ತಿದ. ಇಬ್ಬರೂ ನಕ್ಕೆವು. ಆ ಬಿಳಿಯ ನಡುವೆ ಒಬ್ಬ ಅಪರಿಚಿತ ನಮ್ಮೊಡನೆ ಕಣ್ಣುಮಿಟುಕಿಸಿದ ಹಾಗಿತ್ತು. ಸ್ವಲ್ಪ ಹೊತ್ತಿಗೊಮ್ಮೆ ಅವಳು ಕೇಳುವಳು, ಅವನು ಉತ್ತರಿಸುವನು. ನಾನು ಸೀಟಿಗೆ ಒರಗಿದೆ.

ಗಾಳಿ ಒಂದು ಕ್ಷಣ ಉಸಿರು ತೆಗೆದುಕೊಂಡಾಗ ಕೆಂಪು ಕಾರಿನ ಹಿಂಭಾಗ ಕಂಡಿತು. ಅದರ ಬಂಪರಿನವರೆಗೂ ಹಿಮ ಏರಿ, ನುಣ್ಣಗೆ, ಯಾರೋ ಕೈಯಿಂದ ಸವರಿದಂತಿತ್ತು.

"ನೋಡು, ಕೇಕಿಗೆ ಕೆನೆ ಬಳಿದ ಹಾಗಿದೆ," ಅಂದೆ. ಗುನ್‌ವೋರ್ ತಲೆಯೆತ್ತಿ ನೋಡಿ, ಹೌದೆಂದು ತಲೆಯಾಡಿಸಿ ಹೆಣಿಗೆಗೆ ಮರಳಿದಳು.

ಮತ್ತೆ ದೀಪ ಮಿನುಗಿಸಿದಾಗ ಉತ್ತರ ತಡವಾಗಿ ಬಂತು. ಮುಂದಿನ ಸಲ ಚುಕ್ಕಿಗಳು ಉಬ್ಬಿದವು, ಹಾಗೇ ಉಬ್ಬಿಕೊಂಡೇ ಇದ್ದವು, ಬ್ರೇಕಿನ ಮೇಲೆ ಕಾಲು ಮರೆತುಹೋದಂತೆ. ಆಮೇಲೆ ಸಣ್ಣಗಾದವು. ಅದರ ಮುಂದಿನ ಸಲ ಏನೂ ಆಗಲಿಲ್ಲ.

ಗುನ್‌ವೋರ್ ಮತ್ತೆ ಮಿನುಗಿಸಿದಳು.

"ನಿದ್ದೆ ಹತ್ತಿರಬೇಕು," ಅಂದೆ.

"ಇಂಥ ಗಾಳೀಲಿ?"

"ದೂರದಿಂದ ಬಂದಿದ್ದಾರೆ. ಸುಸ್ತು."

"ಇಬ್ಬರಿಗೂ?"

ಆಗ ನನ್ನ ಮೂಗಿಗೆ ನೆನಪಾಯಿತು. ಮನಸ್ಸಿಗಿಂತ ಮೊದಲು ಮೂಗಿಗೆ. ಗೇಟಿನ ಬಳಿಯ ಆ ಬಿಸಿ ವಾಸನೆ, ಅಪ್ಪನ ಟ್ರ್ಯಾಕ್ಟರು.

"ಗುನ್‌ವೋರ್," ಅಂದೆ. "ಅವರದು ಡೀಸೆಲ್ ಗಾಡಿ."

ಕಡ್ಡಿಗಳು ನಿಂತವು.

ಅವಳು ಕೆನೆ ಬಳಿದಂತಿದ್ದ ಆ ಹಿಮವಿದ್ದ ಕಡೆಗೇ ನೋಡಿದಳು. ಕೊಳವೆ ಅದರೊಳಗೆ ಹೂತಿತ್ತು. ಎಂಜಿನ್ ಓಡುತ್ತಿತ್ತು, ಹೀಟರು ಓಡುತ್ತಿತ್ತು, ಹೊರಗೆ ಹೋಗಲಾರದ ಹೊಗೆ ಕಾರಿನ ಹೊಟ್ಟೆಯೊಳಗೇ ತಿರುಗುತ್ತಿತ್ತು. ಆ ಇಬ್ಬರು ಒಳ್ಳೆಯ ಮಕ್ಕಳು ಹೇಳಿದ ಮಾತು ಕೇಳಿ ಒಳಗೇ ಕೂತಿದ್ದರು. ಗುನ್‌ವೋರಳ ತುಟಿಗಳು ಆಡಿದವು. ಅವಳು ಹೊಡೆದುಹಾಕಿದ ಆ ಸಾಲನ್ನೇ ಬಾಯಿಪಾಠ ಒಪ್ಪಿಸುತ್ತಿದ್ದಾಳೆಂದು ನನಗೆ ತಿಳಿಯಿತು.

ಹಾರ್ನ್ ಒತ್ತಿದಳು. ಗಾಳಿ ಅದನ್ನು ನುಂಗಿತು. ಮತ್ತೆ ಸ್ಟೈನಾರನಿಗೆ ಫೋನ್.

"ಈಗ ಆಚೆ ಗೇಟು ಮುಟ್ಟಿದ್ದೀನಿ, ತಿರುಗಿಸ್ತಿದ್ದೀನಿ," ಅಂದ. "ಸಾಲಿನ ಕೊನೇಲಿರೋ ಕಾವಲು ಗಾಡಿ ಒಂದು ವ್ಯಾನಿನ ಹಿಂದೆ ಸಿಕ್ಕಿಹಾಕ್ಕೊಂಡಿದೆ. ಇಳೀಬೇಡಿ."

"ಸ್ಟೈನಾರ್, ಅವರ ಸೈಲೆನ್ಸರ್ ಮುಚ್ಚಿಹೋಗಿದೆ. ದೀಪಕ್ಕೆ ಉತ್ತರ ಕೊಡ್ತಾ ಇಲ್ಲ."

ಅವನಿಂದ ಒಂದು ತಮಾಷೆಯ ಮಾತು ಬಂದರೆ ಸಾಕೆಂದು ನಾನು ಕಾದೆ. ಬರಲಿಲ್ಲ.

"ಆಂಬುಲೆನ್ಸಿಗೆ ನಾನು ಹೇಳ್ತೀನಿ," ಅಂದ. "ಹೋಗು ಅಂತ ಮಾತ್ರ ನಾನು ಹೇಳಲ್ಲ, ಗುನ್‌ವೋರ್. ನನ್ನ ಬಾಯಿಂದ ಹೇಳಿಸಬೇಡ." ಫೋನಿಟ್ಟ.

ಗುನ್‌ವೋರ್ ತನ್ನ ಕಡೆಯ ಎಡ ಬಾಗಿಲನ್ನು ತಳ್ಳಿದಳು. ಗಾಳಿ ಅದೇ ಕಡೆಯಿಂದ ಒತ್ತುತ್ತಿತ್ತು, ಗೋಡೆಯನ್ನು ತಳ್ಳಿದಂತಾಯಿತು. ಗಾಳಿಯ ಮರೆಗಿದ್ದದ್ದು ನನ್ನ ಬಾಗಿಲು ಮಾತ್ರ.

"ಜರುಗು," ಅಂದಳು.

"ನಾನು ಹೋಗ್ತೀನಿ," ಅಂದೆ. ಹೇಳುವಾಗ ನನ್ನ ದನಿ ಅಷ್ಟು ಸಣ್ಣಗಿತ್ತು, ಅವಳಿಗೆ ಕೇಳಿಸದಿದ್ದರೂ ಆಶ್ಚರ್ಯವಿಲ್ಲ.

"ನಿನ್ನ ಆ ನೋಯೋ ಮಂಡಿ ಇಟ್ಕೊಂಡಾ? ಬರೆದೋಳು ನಾನು. ಜರುಗು."

ಅವಳು ಹೆಣಿಗೆಯನ್ನು ಬದಿಗಿಟ್ಟು, ಹೊಸ ಉಣ್ಣೆಯುಂಡೆಯ ತುದಿಯನ್ನು ಮುಂಗೈಗೆ ಸುತ್ತಿ ಗಂಟು ಹಾಕಿದಳು. ಉಂಡೆಯನ್ನು ನನ್ನ ಕಾಲ ಬಳಿ ಇಟ್ಟಳು. "ಇದು ನನ್ನನ್ನ ಹಿಡಿದು ನಿಲ್ಲಿಸಲ್ಲ, ದಾರಿ ತೋರಿಸುತ್ತೆ ಅಷ್ಟೇ. ಜೋರಾಗಿ ಎಳೆದ್ರೆ ಹರಿಯುತ್ತೆ. ತಲುಪಿದ ಮೇಲೆ ನಾನು ಒಂದ್ಸಲ ಜಗ್ತೀನಿ. ನೀನು ಜಗ್ಗಿದ್ರೆ ವಾಪಸ್ ಬಾ ಅಂತ ಅರ್ಥ. ಗೊತ್ತಾಯ್ತಾ?"

ನನ್ನ ಮತ್ತು ಕೇಕಿನ ಮೇಲಿನಿಂದ ಹತ್ತಿ ಇಳಿದಳು. ಒಂದು ಬಾವುಟ ನನ್ನ ಕಿವಿಗೆ ಚುಚ್ಚಿಕೊಂಡಿತು. ಬಾಗಿಲು ಮುಚ್ಚಿತು. ಕಿಟಕಿಯನ್ನು ಬೆರಳಷ್ಟು ಇಳಿಸಿಕೊಂಡು, ಅದರ ಸಂದಿಯಿಂದ ನೂಲು ಬಿಟ್ಟೆ. ಅವಳ ನೀಲಿ ಕೋಟು ಕಾರಿನ ಮೂತಿಯವರೆಗೂ ಕಂಡಿತು. ಆಮೇಲೆ ಒರೆಸಿದಂತೆ ಇಲ್ಲವಾಯಿತು. ಮುಂದಿನ ಕೆಂಪು ಚುಕ್ಕಿಗಳೂ ಅಷ್ಟರಲ್ಲಿ ಹಿಮದಲ್ಲಿ ಮುಚ್ಚಿಹೋಗಿದ್ದವು.

ನನ್ನ ಕಾಲ ಬಳಿ ಉಂಡೆ ತಿರುಗುತ್ತಿತ್ತು. ಇಲಿಯೊಂದು ಆಟವಾಡುವಂತೆ ಅತ್ತ ಹೊರಳಿ, ಇತ್ತ ಹೊರಳಿ. ಎರಡು ಕಾರುಗಳ ನಡುವೆ ಹಸುವೊಂದು ಅಡ್ಡ ನಿಲ್ಲುವಷ್ಟು ಜಾಗ. ಈಗ ನಿಲ್ಲುತ್ತದೆ, ಈಗ ನಿಲ್ಲುತ್ತದೆ ಎಂದು ಕಾದೆ. ಉಂಡೆ ತಿರುಗಿತು. ಅವಳು ಕಾರಿನ ಸುತ್ತ ಹೋಗುತ್ತಿರಬೇಕು ಎಂದುಕೊಂಡೆ. ಉಂಡೆ ತಿರುಗಿತು. ಒಂದು ಕಾರಿನ ಸುತ್ತ ಎಷ್ಟು ಸಲ ಹೋಗಬಹುದು? ಇಷ್ಟು ನೂಲಿಗೆ ಅವಳು ಕೆಂಪು ಕಾರು ದಾಟಿ, ಅದರ ಮುಂದೆ ಇನ್ನೊಂದು ಕಾರಿದ್ದರೆ ಅದನ್ನೂ ದಾಟಿ ಹೋಗಬೇಕು. ಅಲ್ಲಿ ಕಾರು ಇರಲಿಲ್ಲ. ಅಲ್ಲಿ ಏನಿತ್ತೆಂದು ನನಗೆ ಗೊತ್ತಿರಲಿಲ್ಲ. ಉಂಡೆ ಮುಷ್ಟಿಯಷ್ಟಾಯಿತು. ಕೋಳಿಮೊಟ್ಟೆಯಷ್ಟಾಯಿತು.

ನೂಲು ಹಿಡಿದು ಜಗ್ಗಿದೆ.

ಕಂಬಕ್ಕೆ ಕಟ್ಟಿದ ದಾರವನ್ನು ಜಗ್ಗಿದ ಹಾಗಾಯಿತು. ಆ ತುದಿಯಲ್ಲಿ ಜೀವವಿದ್ದಂತೆ ಅನಿಸಲಿಲ್ಲ. ಇನ್ನೊಮ್ಮೆ ಜಗ್ಗಿದೆ. ನೂಲು ಹಿಗ್ಗಿತು, ಬೆರಳಿಗೆ ಕೊಯ್ಯಿತು. ಹರಿದರೆ ಅಕ್ಕ ಹೋದಳು, ಜಗ್ಗದಿದ್ದರೂ ಹೋಗುತ್ತಿದ್ದಾಳೆ. ಮರದ ವ್ಯಾಪಾರಿಯ ಕೈಯ ಬಟ್ಟೆ ಕಣ್ಣಮುಂದೆ ಬಂತು. ನಾನದನ್ನು ನೋಡಿದವನಲ್ಲ, ಆದರೂ ಅದು ಚೌಕುಳಿ ಬಟ್ಟೆಯಾಗಿತ್ತು. ಕೇಕನ್ನು ನೆಲಕ್ಕಿಳಿಸಿ, ಅಡ್ಡ ಬಿದ್ದು, ಹಾರ್ನಿನ ಮೇಲೆ ಮೊಣಕೈ ಊರಿದೆ. ಬಿಡಲಿಲ್ಲ. ಬಾಯಿಯಿಂದಲೂ ಏನೋ ಕೂಗುತ್ತಿದ್ದೆ. ಅವಳ ಹೆಸರಲ್ಲ. ಚಿಕ್ಕಂದಿನಲ್ಲಿ ಕತ್ತಲ ಕೊಟ್ಟಿಗೆಯಿಂದ ಕೂಗುತ್ತಿದ್ದ ಹಾಗೆ, ಬರೀ ಸದ್ದು.

ಉಂಡೆ ನಿಂತಿತು. ಅದು ತಿರುಗುವಾಗ ಇದ್ದದ್ದಕ್ಕಿಂತ ಹೆಚ್ಚು ಭಯ ಅದು ನಿಂತಾಗ ಆಯಿತು.

ಬಹಳ ಹೊತ್ತಿನ ಮೇಲೆ ಕಿಟಕಿಯ ಗಾಜಿನ ಮೇಲೆ ಒಂದು ಕೈ ಬಿತ್ತು.

ಬಾಗಿಲು ತೆಗೆದೆ. ಅವಳ ಹುಬ್ಬು, ರೆಪ್ಪೆ, ಮೂಗಿನ ತುದಿ ಎಲ್ಲ ಬೆಳ್ಳಗಾಗಿತ್ತು. ಇನ್ನೊಂದು ಕೈಯಲ್ಲಿ ನೂಲನ್ನು ಜಪಮಣಿಯಂತೆ ಹಿಡಿದಿದ್ದಳು.

"ಕಾರೇ ಇಲ್ಲ," ಅಂದಳು.

"ಇದೆ. ಮುಂದೆನೇ ಇದೆ."

"ಇಲ್ಲ ಕಣೋ. ನೆಟ್ಟಗೆ ಹೋದೆ. ಇಲ್ಲ."

"ಇದೆ, ಗುನ್‌ವೋರ್."

ಅವಳು ನನ್ನನ್ನು ನೋಡಿದಳು. ಅಕ್ಕ ನನ್ನನ್ನು ಹಾಗೆ ನೋಡಿದ್ದು ಅದೇ ಮೊದಲು. ನಾನು ಹೇಳಿದ್ದು ನಿಜವಿರಬಹುದು ಎನ್ನುವಂತೆ. "ಹಾಗಿದ್ರೆ ನೀನೂ ಬಾ," ಅಂದಳು. ಮುಂಗೈಯ ನೂಲನ್ನು ಹಲ್ಲಿನಿಂದ ಕಡಿದಳು. ಸಲಿಕೆ ಎಂದು ನಾವಿಬ್ಬರೂ ಒಟ್ಟಿಗೆ ನೆನೆದೆವು. ಡಿಕ್ಕಿಯ ಕಡೆ ಹೋಗುವ ಧೈರ್ಯ ಇಬ್ಬರಿಗೂ ಇರಲಿಲ್ಲ. ನಾನು ಕೇಕಿನ ಗೋಪುರವನ್ನು ಸೀಟಿನ ಮೇಲೆ ಉರುಳಿಸಿ ತಗಡಿನ ತಟ್ಟೆ ತೆಗೆದುಕೊಂಡೆ.

ಹೊರಗೆ ಗಾಳಿಯೆಂಬುದು ಗಾಳಿಯಾಗಿರಲಿಲ್ಲ, ದನದ ಮಂದೆಯಾಗಿತ್ತು. ಉಸಿರು ಎಳೆದರೆ ಒಳಗೆ ಹಿಮ. ಗುನ್‌ವೋರ್ ನಮ್ಮ ಕಾರಿನ ಮೂತಿಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದರಲ್ಲಿ ನನ್ನ ಕೋಟಿನ ಪಟ್ಟಿ ಹಿಡಿದಳು. ನಾನು ಕೈ ಚಾಚಿ ಮುಂದೆ ಹೋದೆ. ಏನೂ ಇಲ್ಲ. ಪಟ್ಟಿ ಬಿಗಿಯಾಯಿತು. ಇನ್ನೊಂದು ಹೆಜ್ಜೆಗೆ ಅವಳು ಕಾರು ಬಿಡಬೇಕು. "ಬಿಡಬೇಡ!" ಎಂದು ಕೂಗಿದೆ. ನಾನು ಕೂಗಿದ್ದು ನನಗೇ ಕೇಳಲಿಲ್ಲ. ಆಗ ತಟ್ಟೆಯ ಅಂಚು ಯಾವುದಕ್ಕೋ ಬಡಿದು ಠಣ್ ಅಂದಿತು.

ಬಾಗಿಲ ಮುಂದಿನ ಹಿಮವನ್ನು ತಟ್ಟೆಯಿಂದ ತೋಡಿದೆವು. ಸಂದಿ ತೆರೆದಾಗ ಬೆಚ್ಚನೆಯ ಕೆಟ್ಟ ಗಾಳಿ ಮುಖಕ್ಕೆ ಬಂತು. ಒಳಗೆ ಯಾವುದೋ ಹಾಡು ಸಣ್ಣಗೆ ಬರುತ್ತಿತ್ತು. ಫಿಲಿಪಾಳ ತಲೆ ಪಕ್ಕಕ್ಕೆ ವಾಲಿತ್ತು. ರುಯಿ ಸ್ಟೀರಿಂಗಿಗೆ ಹಣೆ ಒತ್ತಿ ಕೂತಿದ್ದ. ಅವರ ಮುಂದೆ, ಗಾಜಿನ ಕೆಳಗೆ, ಗುನ್‌ವೋರಳ ಕಾಗದವನ್ನು ಕೆಂಪು ಸಾಲು ಮೇಲೆ ಬರುವಂತೆ ಮಡಚಿ ನಿಲ್ಲಿಸಿದ್ದರು.

ಗುನ್‌ವೋರ್ ಹೆಂಡತಿಯ ಮೇಲಿನಿಂದ ಬಗ್ಗಿ ಎಂಜಿನ್ ಆರಿಸಿದಳು. ರುಯಿಯ ಕೆನ್ನೆಗೆ ಬಾರಿಸಿದಳು. ಮತ್ತೆ ಬಾರಿಸಿದಳು. ಅವನು ಕಣ್ಣು ತೆರೆದು, ಅವಳನ್ನು ಗುರುತಿಸಿ, ಪರೀಕ್ಷೆಗೆ ನಿಂತವನಂತೆ ತೊದಲಿದ:

"ನಾವು ಇಳಿಯಲಿಲ್ಲ."

"ಗೊತ್ತು ಮಗಾ," ಅಂದಳು ಗುನ್‌ವೋರ್, ಅವನಿಗೆ ತಿಳಿಯದ ನಮ್ಮ ಭಾಷೆಯಲ್ಲಿ. "ಈಗ ಇಳಿ."

ಫಿಲಿಪಾ ಏಳಲಿಲ್ಲ. ಅವಳನ್ನು ನಾನೂ ರುಯಿಯೂ ಎಳೆದೆವು. ಅವನು ಅರ್ಧ ನಿದ್ದೆಯಲ್ಲಿ, ನೃತ್ಯದ ಬೂಟಿನಲ್ಲಿ ಜಾರುತ್ತ. ಗುನ್‌ವೋರ್ ಮುಂದೆ, ಅವಳ ಹಿಂದೆ ನಾವು, ಒಬ್ಬರ ಬಟ್ಟೆಯನ್ನೊಬ್ಬರು ಹಿಡಿದು. ಹಸುವೊಂದು ಅಡ್ಡ ನಿಲ್ಲುವಷ್ಟು ಆ ಜಾಗವನ್ನು ದಾಟುವುದರಲ್ಲಿ ಎರಡು ಸಲ ಬಿದ್ದೆವು. ಎರಡನೆಯ ಸಲ ಎದ್ದಾಗ ಯಾವ ಕಡೆ ತಿರುಗಿದ್ದೇವೆಂದು ತಿಳಿಯಲಿಲ್ಲ. ನಮ್ಮ ಕಾರಿನ ದೀಪ ಮುಖಕ್ಕೇ ಹೊಡೆಯುತ್ತಿದ್ದರಿಂದ ಉಳಿದೆವು.

ಒಳಗೆ, ಹಿಂದಿನ ಸೀಟಿನಲ್ಲಿ, ಕಿಟಕಿಯನ್ನು ತೆರೆದಿಟ್ಟು ಗುನ್‌ವೋರ್ ಆ ಹುಡುಗಿಯ ಮುಖವನ್ನು ಗಾಳಿಗೆ ಹಿಡಿದಳು. "ಉಸಿರಾಡು. ಉಸಿರಾಡೇ. ಏ ಹುಡುಗಿ." ರುಯಿ ಹೆಂಡತಿಯ ಹೆಸರನ್ನು ಒಂದೇ ಸಮನೆ ಹೇಳುತ್ತಿದ್ದ. ನಾನು ಮುಂದಿನ ಸೀಟಿನಿಂದ ಕೈಚಾಚಿ ಅವಳ ಭುಜ ಹಿಡಿದು ಬ್ಯಾಟರಿಯ ಅಂಕಿ ನೋಡುತ್ತಿದ್ದೆ, ಅದು ಇಳಿಯುತ್ತಿತ್ತು. ಫಿಲಿಪಾಳ ತುಟಿಗಳು ಕದಲಿದವು. ಕೆಮ್ಮಿದಳು. ಆಮೇಲೆ ಬಗ್ಗಿ ನನ್ನ ಕೋಟಿನ ತೋಳಿನ ಮೇಲೆಲ್ಲ ವಾಂತಿ ಮಾಡಿಕೊಂಡಳು. ಜೀವಮಾನದಲ್ಲಿ ನನಗೆ ಯಾರೂ ಅಷ್ಟು ದೊಡ್ಡ ಉಪಕಾರ ಮಾಡಿಲ್ಲ.

ಕೊನೆಗೆ ಸ್ಟೈನಾರನ ಹಳದಿ ದೀಪ ಕಂಡಿತು. ಅವನು ಬಾಗಿಲಿಗೆ ಬಗ್ಗಿ ನಾಲ್ವರನ್ನೂ, ಸೀಟಿನ ಮೇಲೆ ಪುಡಿಯಾದ ಬಾದಾಮಿ ಗೋಪುರವನ್ನೂ ನೋಡಿದ.

"ಯಾರು ಇಳಿದೋರು?" ಅಂದ.

"ನಾನು," ಅಂದಳು ಗುನ್‌ವೋರ್.

ಅವನು ಬೈಯುತ್ತಾನೆಂದುಕೊಂಡೆ. ಅವನು ಕೈಗವಸು ಬಿಚ್ಚಿ, ಅವಳ ಹುಬ್ಬಿನ ಹಿಮವನ್ನು ಹೆಬ್ಬೆರಳಿನಿಂದ ಒರೆಸಿ, "ನಡೀರಿ," ಅಂದ.

ಘಟ್ಟದಾಚೆಯ ಗೇಟಿನಲ್ಲಿ ಆಂಬುಲೆನ್ಸ್ ಕಾದಿತ್ತು. ಇಬ್ಬರೂ ಉಳಿಯುತ್ತಾರೆ ಎಂದು ಸಂಜೆಗೆ ಆಸ್ಪತ್ರೆಯಿಂದ ಫೋನ್ ಬಂತು. ಪೇತ್ರಾ ಅತ್ತೆ ಕೇಕಿನ ಪುಡಿಯನ್ನು ಚಮಚದಲ್ಲಿ ತಿಂದು, ಹಲ್ಲಿಲ್ಲದವರಿಗೆ ಇದೇ ಅನುಕೂಲ ಅಂದಳು. ಗುನ್‌ವೋರ್ ಏನೂ ತಿನ್ನಲಿಲ್ಲ.

ಮರುದಿನ ಆಕಾಶ ತೊಳೆದಿಟ್ಟ ತಟ್ಟೆಯಂತಿತ್ತು. ಕೆಂಪು ಕಾರನ್ನು ಇಳಿಸಲು ಸ್ಟೈನಾರ್ ಹೊರಟಾಗ ನಾವೂ ಅವನ ಲಾರಿಯಲ್ಲಿ ಕೂತೆವು. ಗೇಟಿನ ಬಳಿ ಗುನ್‌ವೋರ್ ಇಳಿದು, ಅಲ್ಲಿನ ಮರದ ಪೆಟ್ಟಿಗೆಯಿಂದ ತನ್ನ ಕಾಗದಗಳನ್ನೆಲ್ಲ ಬಾಚಿ ಚೀಲಕ್ಕೆ ತುಂಬಿಕೊಂಡಿದ್ದಳು.

"ಈಗ ಏನಂತ ಬರೀತೀಯಾ?" ಸ್ಟೈನಾರ್ ಕೇಳಿದ. "ಇಳೀಬೇಡಿ ಅಂತಲೋ, ಇಳೀರಿ ಅಂತಲೋ?"

ಅವಳು ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡಳು.

ಕೆಂಪು ಕಾರು ರಸ್ತೆಯ ನಡುವೆ, ಹಿಮದಲ್ಲಿ ಅರ್ಧ ಹೂತು ನಿಂತಿತ್ತು. ಸ್ಟೈನಾರ್ ಸರಪಳಿ ತೆಗೆಯುತ್ತಿದ್ದ. ಆಗ ನನಗೆ ನೂಲು ಕಂಡಿತು. ಬೂದು ಬಣ್ಣದ್ದು, ಮಂಜುಗಡ್ಡೆ ಹಿಡಿದು ತಂತಿಯಂತೆ ಸೆಟೆದಿತ್ತು. ನಾವು ನಿಂತಿದ್ದ ಜಾಗದಿಂದ ಹೊರಟು, ಅಲ್ಲಲ್ಲಿ ಹಿಮದೊಳಗೆ ಮುಳುಗಿ, ಅಲ್ಲಲ್ಲಿ ಎದ್ದು, ಕೆಂಪು ಕಾರಿನ ಬಳಿ ಸುಳಿಯದೆ ಬಲಕ್ಕೆ, ಬಲಕ್ಕೆ ಹೋಗಿತ್ತು. ರಸ್ತೆಯ ಅಂಚಿನ ಕೋಲುಗಳವರೆಗೂ ಹೋಗಿತ್ತು. ಒಂದು ಕೋಲಿನ ಆಚೆ ಬದಿಯಿಂದ ಸುತ್ತಿಕೊಂಡು ಈಚೆ ಬದಿಯಿಂದ ವಾಪಸಾಗಿತ್ತು. ನಾನು ಜಗ್ಗಿದಾಗ ಕಂಬದಂತೆ ತಡೆದದ್ದು ಅದೇ ಕೋಲು.

ಗುನ್‌ವೋರ್ ನೂಲಿನ ಗುಂಟ ನಡೆದಳು. ಕೋಲಿನ ಹತ್ತಿರ ಸ್ಟೈನಾರ್ ಓಡಿಬಂದು ಅವಳ ತೋಳು ಹಿಡಿದ. ಕೋಲಿನಾಚೆ ಹಿಮ ಒಂದು ಹೆಜ್ಜೆಯಷ್ಟು ಮುಂದೆ ಚಾಚಿತ್ತು, ಮನೆಯ ಸೂರಿನ ಹಾಗೆ, ಅಡಿಯಲ್ಲಿ ಏನೂ ಇಲ್ಲದೆ. ಅದರ ಕೆಳಗೆ, ಬಹಳ ಕೆಳಗೆ, ಹೆಪ್ಪುಗಟ್ಟಿದ ಕೆರೆ ಬಿಸಿಲಿಗೆ ನೀಲಿಯಾಗಿ ಹೊಳೆಯುತ್ತಿತ್ತು. ಆ ಸೂರಿನ ಮೇಲೆ ಅವಳ ಬೂಟಿನ ಒಂದು ಗುರುತು, ಮೇಲೆ ಹೊಸ ಹಿಮ ಬಿದ್ದಿದ್ದರೂ, ತಗ್ಗಾಗಿ ಉಳಿದಿತ್ತು.

"ರಸ್ತೆ ಮೇಲೇ ಇದ್ದೀನಿ ಅಂದ್ಕೊಂಡಿದ್ದೆ," ಅಂದಳು ಗುನ್‌ವೋರ್.

ಸ್ಟೈನಾರ್ ಅವಳನ್ನು ಕೋಲಿನ ಈಚೆಗೆ ಎಳೆದುಕೊಂಡ.

"ಇಳೀಬೇಡಿ ಅನ್ನೋದು ಹಾಗೇ ಇರಲಿ," ಅಂದಳು ಅವಳು. "ಸೈಲೆನ್ಸರಿಂದು ಅದಕ್ಕಿಂತ ಮೇಲೆ ಬರಲಿ. ಅಷ್ಟೇ ದಪ್ಪಗೆ. ಚಾರ್ಜಿನ ಕಂಬ ಬೇಕಾದೋರು ಯಾರನ್ನಾದ್ರೂ ಕೇಳ್ಕೊಂಡು ಹೋಗಲಿ."

ಕೋಲಿನಿಂದ ನೂಲು ಬಿಡಿಸಲು ಕೈಚಾಚಿದಳು. ಅವಳಿಂದ ಆಗಲಿಲ್ಲ, ನಾನು ಬಿಡಿಸಿದೆ. ಅತ್ತೆಯ ಸ್ವೆಟರಿಗೆ ಇನ್ನೂ ಒಂದು ತೋಳು ಬಾಕಿಯಿತ್ತು.

ಲಾರಿ ಹತ್ತಿರವೇ ನಿಂತಿತ್ತು. ಬಿಸಿಲು ಕಣ್ಣು ಕುಕ್ಕುತ್ತಿತ್ತು, ಕೋಲುಗಳ ಸಾಲು ಘಟ್ಟದ ತುದಿಯವರೆಗೂ ಒಂದೊಂದಾಗಿ ಕಾಣುತ್ತಿತ್ತು. ಆ ನಾಲ್ಕು ಹೆಜ್ಜೆ ನಡೆಯುವಾಗ ಹಿಂದಿನಿಂದ ನನ್ನ ಕೋಟಿನ ಪಟ್ಟಿ ಬಿಗಿಯಾಯಿತು. ಗುನ್‌ವೋರ್ ಅದನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ಲಾರಿಯ ಬಾಗಿಲು ಮುಟ್ಟುವವರೆಗೂ ಬಿಡಲಿಲ್ಲ.